ಬಿಸಿಯಲ್ಲಿ ಬಿದ್ದ ಹೆಪ್ಪು

ಮೇಜಿನ ಮೇಲೆ ಹರಡಿದ ರಬ್ಬರ್ ಹಾಳೆಯುದ್ದಕ್ಕೂ ಹೆಬ್ಬೆರಳು ಎಳೆದವಳು ನಡುವೆಯೇ ನಿಲ್ಲಿಸಿದಳು. ರವೆಯಂಥ ಸಣ್ಣ ಸಣ್ಣ ಗಂಟು. ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಸಿಕ್ಕುತ್ತದೆ.

ಗಾಲ್ಫ್ ಚೆಂಡಿನ ನಡುವೆ ಕೂರುವ ಒಳಗುಂಡಿಗೆ ರಬ್ಬರ್ ನಾದುವ ಜಾಗ ಅದು. ಎರಡು ಉಕ್ಕಿನ ಉರುಳೆಗಳ ನಡುವೆ ರಬ್ಬರನ್ನು ಅರೆದು, ಬಿಳಿ ಪುಡಿಗಳನ್ನು ಬೆರೆಸಿ, ಕಟ್ಟಕಡೆಗೆ ಒಂದಿಷ್ಟು ಮದ್ದು ಹಾಕಬೇಕು. ಅಚ್ಚಿನಲ್ಲಿ ಕಾದಾಗ ರಬ್ಬರು ಗಟ್ಟಿಯಾಗಿ ಪುಟಿಯುವುದು ಅದರಿಂದಲೇ. ಡಬ್ಬಿಯ ಮೇಲೆ ಅದಕ್ಕೆ ಮಾರುದ್ದದ ಹೆಸರಿದೆ. ಇಲ್ಲಿ ಎಲ್ಲರ ಬಾಯಲ್ಲೂ ಅದು ಹೆಪ್ಪು. ಹೆಸರಿಟ್ಟ ಪುಣ್ಯಾತ್ಮ ಯಾರೋ, ಸರಿಯಾಗಿಯೇ ಇಟ್ಟಿದ್ದಾನೆ: ತೀರಾ ಬಿಸಿಯಲ್ಲಿ ಹಾಕಿದರೆ ಕೆಟ್ಟಿತೆಂದೇ ಲೆಕ್ಕ. ಉರುಳೆಯಿಂದ ಹಾಳೆ ಬಿಡಿಸಿ, ಆರಲು ಬಿಟ್ಟು, ಕೈಯ ಹಿಂಬದಿ ಇಟ್ಟು ನೋಡಿ ಹಾಕಬೇಕು. ಇವತ್ತು ಮೇಸ್ತ್ರಿ ಕೈಗಡಿಯಾರ ನೋಡುತ್ತ ಬೆನ್ನ ಹಿಂದೆಯೇ ನಿಂತಿದ್ದ. ಅವಳು ಅವಸರಪಟ್ಟಳು. ಆಗಿದ್ದು ಅಷ್ಟೇ.

ಗುಂಡುಗಳನ್ನು ಕಲ್ಲಿನ ಮೇಲೆ ಪುಟಿಸಿ, ಸದ್ದು ಕೇಳಿ ಒಳ್ಳೆಯದನ್ನು ಆರಿಸುವ ಕೋಣೆಯಲ್ಲಿ ಹನ್ನೊಂದು ವರ್ಷ ಕೂತವಳು ಅವಳು. ಉರುಳೆಯ ಕೆಲಸ ತನಗೂ ಕೊಡಿ ಎಂದು ಎರಡು ವರ್ಷ ಬೆನ್ನುಹತ್ತಿ ಗಿಟ್ಟಿಸಿಕೊಂಡ ಹದಿನೈದು ದಿನದ ಪರೀಕ್ಷೆಗೆ ಇವತ್ತು ಕಡೆಯ ದಿನ. ಒಂದು ಬ್ಯಾಚು ಕೆಟ್ಟರೂ ವಾಪಸ್. "ಅತ್ತಿಗೆ, ನಿಮ್ಮ ಸ್ಟೂಲು ಬೆಚ್ಚಗಿಟ್ಟಿರ್ತೀನಿ, ಹೋಗ್ಬನ್ನಿ" ಎಂದು ಅದೇ ಕೋಣೆಯಲ್ಲಿ ಕೂರುವ ನಾದಿನಿ ಬೆಳಿಗ್ಗೆಯೇ ಛೇಡಿಸಿದ್ದಳು.

"ನುಣ್ಣಗಿದೆಯಲ್ಲಮ್ಮ, ಪ್ರೆಸ್ಸಿಗೆ ಕಳಿಸು," ಎಂದ ಮೇಸ್ತ್ರಿ.

"ಕೆಟ್ಟಿದೆ ಮೇಸ್ತ್ರಿ. ಹೆಪ್ಪು ಬಿಸೀಲಿ ಬಿತ್ತು. ನಾನೇ ಹಾಕಿದ್ದು."

ಮೇಸ್ತ್ರಿ ಅತ್ತಿತ್ತ ನೋಡಿದ. ಕೆಟ್ಟವನೇನಲ್ಲ, ಅವಳು ಗೆಲ್ಲಲೆಂದೇ ಅವನಿಗೂ ಇತ್ತು. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಲ್ಲ! ಸುಮ್ನೆ ಕಳಿಸು ತಾಯಿ. ಯಾರಿಗೆ ಗೊತ್ತಾಗುತ್ತೆ?"

"ಆರಿಸೋ ಕೋಣೇಲಿ ಕೂತೋರಿಗೆ ಗೊತ್ತಾಗುತ್ತೆ. ಇಂಥದ್ದನ್ನ ಕಲ್ಲಿನ ಮೇಲೆ ಬಿಟ್ರೆ ಹೇಗೆ ಮುಲುಗುತ್ತೆ ಅಂತ ನನ್ನ ಕೇಳಿ. ಹನ್ನೊಂದು ವರ್ಷ ಉರುಳೆಯೋರಿಗೆ ಹಿಡಿಶಾಪ ಹಾಕಿದೀನಿ."

"ಹಾಗಾದ್ರೆ ವಾಪಸ್ ಹೋಗ್ತೀಯಾ?"

"ಹೋಗಲ್ಲ." ಅವಳು ಚಾಕು ಎತ್ತಿಕೊಂಡಳು. "ಕೆಟ್ಟಿದೆ ಅಂತಾನೇ ಬರ್ಕೊಳ್ಳಿ. ಸಂಜೆವರೆಗೆ ಹೊತ್ತಿದೆ, ಇನ್ನೊಂದು ಬ್ಯಾಚು ಹಾಕ್ತೀನಿ. ಅದನ್ನ ನೋಡಿ ಆಮೇಲೆ ಮಾತಾಡಿ."

ಹಾಳೆಯನ್ನು ತುಂಡು ತುಂಡಾಗಿ ಕುಯ್ದು ಗುಜರಿ ಪೀಪಾಯಿಗೆ ಹಾಕಿ, ಹೊಸ ರಬ್ಬರನ್ನು ಉರುಳೆಗೆ ಕೊಟ್ಟಳು. ಪುಡಿ ಬೆರೆಯಿತು. ಹಾಳೆ ಬಿಡಿಸಿ ಮೇಜಿನ ಮೇಲೆ ಹರಡಿ, ಕೈಯ ಹಿಂಬದಿ ಇಟ್ಟು ಕಾದಳು. ಮೇಸ್ತ್ರಿಯ ಕಣ್ಣು ಗಡಿಯಾರದತ್ತ ಹೋಯಿತು. "ಇನ್ನೂ ಆರಿಲ್ಲ," ಎಂದಳು ಅವಳು, ತಲೆ ಎತ್ತದೆ. ಅವನು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಸಂಜೆ ಅಚ್ಚಿನಿಂದ ಬಂದ ಅವಳ ಒಳಗುಂಡೊಂದನ್ನು ಮೇಸ್ತ್ರಿ ಬೇರೆಯವರ ಗುಂಡುಗಳ ತಟ್ಟೆಯ ಒಂದು ಮೂಲೆಯಲ್ಲಿ ಸೇರಿಸಿಬಿಟ್ಟ. "ನಿನ್ನ ನಾದಿನಿ ಏನಂತಾಳೋ ಅದೇ ತೀರ್ಪು, ಒಳ್ಳೇದು ಅಂದ್ರೆ ಉರುಳೆ ಕೆಲಸ ನಿನ್ನದೇ. ಬಾಯಿ ಬಿಡಬೇಡ."

ಇಬ್ಬರೂ ಬಾಗಿಲಲ್ಲಿ ನಿಂತರು. ನಾದಿನಿ ಎಂದಿನಂತೆ ಕಣ್ಣು ಮುಚ್ಚಿಕೊಂಡು ಒಂದೊಂದೇ ಗುಂಡನ್ನು ಕಲ್ಲಿನ ಮೇಲೆ ಬಿಡುತ್ತಿದ್ದಳು. ಮೂಲೆಯಲ್ಲಿದ್ದ ಅತ್ತಿಗೆಯ ಗುಂಡಿನ ಸರದಿ ಬಂತು. ಒಮ್ಮೆ ಬಿಟ್ಟಳು. ತಲೆ ಓರೆ ಮಾಡಿ ಇನ್ನೊಮ್ಮೆ ಬಿಟ್ಟಳು. ಆಮೇಲೆ ಅದನ್ನು ಬಲಗಡೆಯ ಒಳ್ಳೆಯ ಬುಟ್ಟಿಗೆ ಹಾಕಿ, ಮುಂದಿನದಕ್ಕೆ ಕೈ ಚಾಚಿದಳು.