ಅಕ್ಕನ ಕಂಪ್ಯೂಟರ್ ಕಾಣುತ್ತಿಲ್ಲ

ಮೂರನೇ ಸಲವೂ ಪರದೆಯ ಮೇಲೆ ಅದೇ ಸಾಲು ಮೂಡಿತು: ಆ ಹೆಸರಿನ ಕಂಪ್ಯೂಟರ್ ಸಿಗುತ್ತಿಲ್ಲ. ತಮ್ಮನು ಮೌಸನ್ನು ಮೇಜಿಗೆ ಕುಕ್ಕಿದ.

"ಸಿಗ್ತಿಲ್ಲ ಅಂದ್ರೇನು? ಮಹಡಿ ಮೇಲೆ ಆನ್ ಆಗೇ ಇದೆ, ಈಗಷ್ಟೇ ನೋಡಿ ಬಂದೆ."

"ಅಲ್ಲೇ ಕೂತು ತೆಗೀಬಾರ್ದಾ?" ಎಂದಳು ಹೆಂಡತಿ.

"ಲಾಕ್ ಆಗಿದೆ. ಪಾಸ್‌ವರ್ಡ್ ಅಕ್ಕನ ಜೊತೆಗೇ ಹೋಯ್ತು."

ನಡುಮನೆಯಲ್ಲಿ ಶವಪೆಟ್ಟಿಗೆಯಿತ್ತು. ಪಕ್ಕದಲ್ಲಿಡಲು ಅಕ್ಕನದೊಂದು ಫೋಟೋ ಬೇಕಿತ್ತು. ಒಂದೇ ಮನೆಯಲ್ಲಿದ್ದೂ ಅವನ ಬಳಿ ಒಂದೂ ಇರಲಿಲ್ಲ. ಬಸ್ ಕಚೇರಿಯಿಂದ ಬಂದಿದ್ದ ಮುದುಕರೊಬ್ಬರು, "ಮೂವತ್ತೆಂಟು ವರ್ಷ ವೇಳಾಪಟ್ಟಿ ಟೈಪ್ ಮಾಡಿದ್ಲು. ಅವಳ ಕಣ್ಣಿಗೆ ಬೀಳ್ತೀವಿ ಅಂತ ಬಸ್ಸುಗಳೇ ತಡ ಮಾಡೋಕೆ ಹೆದರ್ತಿದ್ವು," ಎನ್ನುತ್ತಿದ್ದರು. ಯಾರೋ ನಕ್ಕು, ತಕ್ಷಣ ಬಾಯಿಗೆ ಕೈ ಇಟ್ಟುಕೊಂಡರು.

ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿಯವಳು ಬಂದು ಅವನ ಲ್ಯಾಪ್‌ಟಾಪಿನ ಮುಂದೆ ಕೂತಳು.

"ಸರ್, ನಿಮ್ಮ ಕಂಪ್ಯೂಟರ್ ಈ ಮನೇನ ಪರಕೀಯರದ್ದು ಅಂದ್ಕೊಂಡಿದೆ. ಬೇರೆ ಯಾರೂ ಕಾಣಬಾರದು ಅಂತ ಸೆಟ್ ಮಾಡಿದಾರೆ. ಯಾರು ಮಾಡಿದ್ದು?"



*

ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡ ವಾರ, ನೆಂಟರೆದುರು ಅಕ್ಕ ಕೇಳಿದ್ದಳು: "ಅಮ್ಮ ಕರೀವಾಗ ನೀನೆಲ್ಲಿದ್ಯೋ?"

ಅವನಿಗೆ ಮೈಯೆಲ್ಲ ಉರಿದಿತ್ತು. ಹಾಸಿಗೆ ಹಿಡಿದ ಅಮ್ಮನ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿ ಕೂಡಿಟ್ಟವನು ಅವನೇ. ಅವನ್ನು ಮಹಡಿಯಿಂದಲೇ ಕೇಳಿಕೊಳ್ಳಲೆಂದು ಅಕ್ಕನಿಗೆ ತನ್ನ ಲ್ಯಾಪ್‌ಟಾಪಿನ ಡ್ರೈವ್ ತೆರೆದಿಟ್ಟಿದ್ದ. ಅಂದೇ ಪಾಸ್‌ವರ್ಡ್ ಬದಲಿಸಿದ. ಮನೆಯ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಅವಳ ಹೆಸರೂ ಕಾಣದ ಹಾಗೆ ಮಾಡಿದ. ಅವಳೇ ಬಂದು ಕೇಳಲಿ ಎಂದುಕೊಂಡ. ಅವಳು ಕೇಳಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆ ನೋಡುತ್ತಿದ್ದರು.

*

"ಸಿಕ್ತು ನೋಡಿ," ಎಂದಳು ರಿಪೇರಿಯವಳು. "ಅವರ ಕಡೆ ನಿಮಗೆ ಬೀಗಾನೇ ಇಲ್ಲ. ಎಲ್ಲಾ ತೆರೆದೇ ಇದೆ, ಫೋಟೋಗಳೂ." ಆಮೇಲೆ ಬೇರೊಂದು ಪಟ್ಟಿ ತೆರೆದು ಪರದೆಯತ್ತ ಬಾಗಿದಳು.

"ಏನಮ್ಮಾ?"

"ಮಹಡಿಯಿಂದ ನಿಮ್ಮ ಡ್ರೈವ್ ತೆಗೆಯೋಕೆ ನೋಡಿದಾರೆ. ದಿನಾ ಸಂಜೆ ಆರು ಹತ್ತಕ್ಕೆ. ಎಂಟು ತಿಂಗಳ ಲೆಕ್ಕ ಉಳಿದಿದೆ, ಹಳೇದು ಅಳಿಸಿಹೋಗಿದೆ. ಎಲ್ಲಾ ತಪ್ಪು ಪಾಸ್‌ವರ್ಡ್."

"ಅದು ತಾನಾಗೇ ಆಗಿರ್ಬಹುದು."

"ತಾನಾಗೇ ಆಗಿದ್ರೆ ಕಂಪ್ಯೂಟರ್ ಆನ್ ಆದಾಗೆಲ್ಲಾ ಹೊತ್ತುಗೊತ್ತಿಲ್ಲದೆ ಬರ್ತಿತ್ತು ಸರ್. ಇದು ಕೈಯಾರೆ ಮಾಡಿದ್ದು. ಕೊನೇದು ಮೊನ್ನೆ."

ಮೊನ್ನೆ ಆ ಹೊತ್ತಿಗೆ ಅವನು ಇದೇ ಕುರ್ಚಿಯಲ್ಲಿದ್ದ. ತಲೆಯ ಮೇಲೆ ಅಕ್ಕನ ಕುರ್ಚಿ ಎಳೆದ ಸದ್ದು ಕೇಳಿತ್ತು. ಟಿವಿಯ ಸದ್ದು ಹೆಚ್ಚು ಮಾಡಿದ್ದ.

"ಹೊತ್ತಾಯ್ತು, ಎತ್ತೋಣ್ವಾ?" ಬಾಗಿಲಲ್ಲಿ ಮಾವ ಕರೆದರು.

ಅವನು ಲ್ಯಾಪ್‌ಟಾಪನ್ನೇ ಎತ್ತಿಕೊಂಡು ನಡುಮನೆಗೆ ಹೋದ.

"ಏನೋ ಇದು, ಹುಚ್ಚಾ ನಿಂಗೆ?"

"ಒಂದೇ ನಿಮಿಷ ಮಾವ. ಅಕ್ಕ ಕೇಳ್ಬೇಕಿತ್ತು."

ಪೆಟ್ಟಿಗೆಯ ತಲೆಯ ಬಳಿ ಮಂಡಿಯೂರಿ, ಅಮ್ಮನ ಕೊನೆಯ ರೆಕಾರ್ಡಿಂಗ್ ಒತ್ತಿದ. ರೆಕಾರ್ಡರ್ ಹಚ್ಚಿಟ್ಟು ಎದ್ದುಹೋಗಿದ್ದರಿಂದ ಅದನ್ನು ಅವನೂ ಪೂರ್ತಿ ಕೇಳಿರಲಿಲ್ಲ. ಹೊರಲು ಬಗ್ಗಿದ್ದವರು ಬಗ್ಗಿದಂತೆಯೇ ನಿಂತರು.

ಉಸಿರು. ಕೆಮ್ಮು. ಆಮೇಲೆ ಅಮ್ಮ: "ಮಗಳೇ... ಎಲ್ಲಿದೀಯೇ?"

ಬಹಳ ಹೊತ್ತು ಏನೂ ಇಲ್ಲ.

"ಬಂದೇಮ್ಮಾ!" ದೂರದಿಂದ ಅಕ್ಕನ ದನಿ. ಹಿಂದೆಯೇ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು, ಒಂದೊಂದಾಗಿ, ಹತ್ತಿರ ಹತ್ತಿರ.

ನಡುಮನೆಯಲ್ಲಿದ್ದವರೆಲ್ಲ ತಿರುಗಿ ಮೆಟ್ಟಿಲ ಕಡೆ ನೋಡಿದರು.