ಬೆವರಿಗೆ ಸಕ್ಕರೆ

"ಅಣ್ಣ ನೋವು ಅಂದಿದ್ದು ಎಡಗೈಯೋ ಬಲಗೈಯೋ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ ಮೇಸ್ತ್ರಿ," ಎಂದು ತಂಗಿ ಮತ್ತೆ ಕೇಳಿದಾಗ, ಹೂಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಕಕ್ಕಾಬಿಕ್ಕಿಯಾದರು.

"ಸತ್ತ ಮನೇಲಿ ಹೀಗಾ ಕೇಳೋದು?" ಎಂದು ಚಿಕ್ಕಮ್ಮ ಗದರಿದಳು.

ನಡುಮನೆಯಲ್ಲಿ ಅಣ್ಣ ಮಲಗಿದ್ದ. ಮೂವತ್ತೊಂದು ವರ್ಷ ವಯಸ್ಸು. ಬಸ್ಸಿನ ಸೀಟು ಹೊಲಿಯುವ ಶೆಡ್ಡಿನಲ್ಲಿ ನಿನ್ನೆ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ. ಬಂದವರೆಲ್ಲ "ಈ ವಯಸ್ಸಿಗೆ ಹಾರ್ಟಾ?" ಎಂದು ಬಾಯಿ ಮೇಲೆ ಕೈಯಿಡುತ್ತಿದ್ದರು. ತಂಗಿಗೆ ಅಳುವಿಗಿಂತ ಮೊದಲು ಪ್ರಶ್ನೆ ಬರುತ್ತಿತ್ತು. ಹುಟ್ಟಿದಾಗಿನಿಂದ ಅವಳು ಹಾಗೇ. ಅಣ್ಣ ಅವಳಿಗಿಟ್ಟ ಹೆಸರೇ 'ಯಾಕಮ್ಮ'. ಆದರೆ ಇವತ್ತು ಪ್ರಶ್ನೆಯ ಹಿಂದೆ ಭಯವೂ ಇತ್ತು. ಅಣ್ಣನಿಗಿದ್ದ ಎರಡು ಕಾಯಿಲೆ, ಚಿಕ್ಕಂದಿನ ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡು, ಅವಳಿಗೂ ಇದ್ದವು. ಮೆಟ್ಟಿಲು ಹತ್ತುವಾಗ ತಣ್ಣನೆ ಬೆವರು ಬರುವುದೂ ಈಚೆಗೆ ಶುರುವಾಗಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ.

"ಎಡಗೈ ಕಣಮ್ಮ," ಎಂದರು ಮೇಸ್ತ್ರಿ. "ದವಡೆನೂ ಎಳೀತಿದೆ ಅಂದ. ಮೈಯೆಲ್ಲ ಬೆವರು. ನಮಗದು ಹೊಸದಾ? ಬೆವರಿದ ಅಂದ್ರೆ ಸಕ್ಕರೆ ಇಳಿದಿದೆ, ಬಾಯಿಗೆ ಸಿಹಿ ಹಾಕು. ಶೆಡ್ಡಲ್ಲಿ ಎಲ್ಲರ ಜೇಬಲ್ಲೂ ಅವನಿಗೇಂತ ಚಾಕಲೇಟು ಇರುತ್ತೆ. ನಾನೇ ತಿನ್ನಿಸ್ದೆ. 'ಮೇಸ್ತ್ರಿ, ನಿಮ್ಮ ಕೈರುಚಿ ಅಡ್ಡಿಯಿಲ್ಲ' ಅಂತ ತಮಾಷೆನೂ ಮಾಡ್ದ." ಅಷ್ಟು ಹೇಳಿ ಅವರು ಗೊಳೋ ಎಂದು ಅತ್ತರು.

* * *

ಹೋದ ತಿಂಗಳು ಅಣ್ಣ ಮೆಟ್ಟಿಲ ನಡುವೆಯೇ ಕೂತುಬಿಟ್ಟಿದ್ದ. ಅಂಗಿ ಒದ್ದೆ.

"ಬೆರಳು ಕೊಡೋ, ಸಕ್ಕರೆ ನೋಡ್ತೀನಿ."

ಮೀಟರಿನಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು.

"ಹಾಗಾದ್ರೆ ಬೆವರು ಯಾಕೆ?"

"ಶುರುವಾಯ್ತಪ್ಪ ಯಾಕಮ್ಮಂದು! ನಿನ್ನ ಮೀಟರು ಕೆಟ್ಟಿದೆ. ಇಪ್ಪತ್ತು ವರ್ಷದಿಂದ ಈ ಮೈ ಜೊತೆ ಸಂಸಾರ ಮಾಡ್ತಿದೀನಿ, ನನಗೆ ಗೊತ್ತಾಗಲ್ವಾ?" ಎಂದು ಅವಳ ಚಾಕಲೇಟನ್ನೇ ಕಿತ್ತು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಆರಾಮಾಯಿತು. ಸಿಹಿ ತಿಂದು ಆರಾಮಾಯಿತೋ, ಸುಮ್ಮನೆ ಕೂತದ್ದಕ್ಕೋ? ಅದನ್ನು ಕೇಳಲು ಯಾಕಮ್ಮನಿಗೂ ಅವತ್ತು ಹೊಳೆಯಲಿಲ್ಲ. ಇಬ್ಬರೂ ನಗುತ್ತಾ ಮೇಲೆ ಹೋದರು.

* * *

ಇಬ್ಬರಿಗೂ ಚಿಕ್ಕಂದಿನಿಂದ ಮದ್ದು ಕೊಟ್ಟ ಡಾಕ್ಟರಮ್ಮ ಹೂವಿಟ್ಟು ಅಂಗಳಕ್ಕೆ ಬಂದಾಗ ತಂಗಿ ಅಡ್ಡ ನಿಂತಳು.

"ಸಕ್ಕರೆ ಸರಿಯಿದ್ದೂ ಬೆವರು ಬರಬಹುದಾ ಡಾಕ್ಟ್ರೇ?"

"ಬರಬಹುದು ಮಗಳೇ. ನಿಮ್ಮಿಬ್ಬರದೂ ಮೈಯ ಕಾವಲುಗಾರರೇ, ಅಂದ್ರೆ ರೋಗ ತಡೆಯೋ ಶಕ್ತಿನೇ, ಮನೆಯವರ ಮೇಲೆ ಕೈಮಾಡೋ ಕಾಯಿಲೆ. ಎರಡೂ ಜೊತೆಗಿದ್ರೆ ಕೆಲವರಿಗೆ ಹೃದಯದ ರಕ್ತನಾಳ ಬೇಗ ಕಟ್ಟಿಕೊಳ್ಳುತ್ತೆ, ವಯಸ್ಸು ನೋಡಲ್ಲ. ಪರೀಕ್ಷೆ ಮಾಡಿಸ್ಕೋ ಅಂತ ಅವನಿಗೆ ಬಡ್ಕೊಂಡೆ. ಹಾರ್ಟೆಲ್ಲ ಮುದುಕರಿಗೆ ಅಂತ ನಕ್ಕುಬಿಟ್ಟ." ಅವರು ತಟ್ಟನೆ ಅವಳ ಹಣೆ ನೋಡಿದರು. "ನಿನಗ್ಯಾಕೆ ಈ ಪ್ರಶ್ನೆ?"

"ಅಯ್ಯೋ, ಬೆವೆತುಹೋಗಿದಾಳೆ! ಬೆಳಗಿಂದ ಏನೂ ತಿಂದಿಲ್ಲ, ಸಕ್ಕರೆ ತಗೊಂಡ್ಬನ್ನಿ!" ಎಂದು ಚಿಕ್ಕಮ್ಮ ಕೂಗಿದಳು.

ತಂಗಿ ಮೀಟರು ತೆಗೆದು ತನ್ನ ಬೆರಳು ಚುಚ್ಚಿ ನೋಡಿದಳು. ಸಕ್ಕರೆ ಸರಿಯಾಗಿತ್ತು.

"ದವಡೆ ಎಳೀತಿದೆ," ಎಂದಳು ಮೆಲ್ಲಗೆ.

"ನನ್ನ ಕಾರು ಹತ್ತು. ಈಗಲೇ ಆಸ್ಪತ್ರೆಗೆ."

"ಅಣ್ಣನ್ನ ಕಳಿಸಿ ಬರ್ತೀನಿ."

ಅಷ್ಟರಲ್ಲಿ ಅಣ್ಣನನ್ನು ವ್ಯಾನಿಗೆ ಹತ್ತಿಸಿಯಾಗಿತ್ತು. ಅವನ ತಲೆಯ ಪಕ್ಕ ಅಮ್ಮ ಕೂತಿದ್ದಳು. ಬೆಳಗಿನಿಂದ ಯಾರು ಎಬ್ಬಿಸಿದರೂ ಅವನನ್ನು ಬಿಟ್ಟು ಎದ್ದಿರಲಿಲ್ಲ. ಗಲಾಟೆ ಕೇಳಿ ಹೊರಗೆ ನೋಡಿದಳು. ಮಗಳ ಮುಖ ಕಂಡಿತು. ಮಗನ ಕೆನ್ನೆ ಒಮ್ಮೆ ಸವರಿ, "ನೀನು ನಡಿ ಮಗಾ," ಎಂದು ಕೆಳಗಿಳಿದಳು.

"ಅಮ್ಮಾ, ಅಣ್ಣ ಒಬ್ಬನೇ..."

"ಅವನ ಜೊತೆ ಇಷ್ಟು ಜನ ಇದಾರೆ. ಹತ್ತೇ ನೀನು."

ರಸ್ತೆಯ ಕೊನೆಯಲ್ಲಿ ವ್ಯಾನು ಎಡಕ್ಕೆ ಹೊರಳಿತು, ಕಾರು ಬಲಕ್ಕೆ. ಅಮ್ಮ ತಿರುಗಿ ನೋಡಲಿಲ್ಲ. ಮಗಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾಡಿ ನೋಡುವುದು ಅವಳಿಗೆ ಬರದು. ಬೆರಳನ್ನು ಅಲ್ಲಿಟ್ಟು, ಇಲ್ಲಿಟ್ಟು, ಹುಡುಕುತ್ತಲೇ ಇದ್ದಳು.