ಕಾರ್ಡಿನ ಮೂಲೆಯ ಅಕ್ಷರ

ಆ ನಿಘಂಟು ಕಚೇರಿಯಲ್ಲೊಂದು ಕಟ್ಟಳೆಯಿತ್ತು. ಇಂಗ್ಲಿಷ್ ಪದವೊಂದರ ಅರ್ಥ ಮನಸ್ಸಿಗೆ ನಾಟುವಂಥ ಉದಾಹರಣೆಯನ್ನು ಯಾರು ತಂದರೋ, ಅವರ ಹೆಸರಿನ ಮೊದಲಕ್ಷರ ಕಾರ್ಡಿನ ಮೂಲೆಗೆ ಬೀಳಬೇಕು. ಆರು ತಿಂಗಳಲ್ಲಿ ಅಂಥ ನಲವತ್ತು ಕಾರ್ಡುಗಳಾದರೆ ಹೊಸಬರ ಕೆಲಸ ಕಾಯಂ, ಇಲ್ಲವಾದರೆ ಮನೆಯ ದಾರಿ. ಎಲ್ಲರೂ ‘ಕಡ್ಡಿ’ ಎಂದು ಕರೆಯುತ್ತಿದ್ದ ಹೊಸ ಹುಡುಗಿಯ ಮೂವತ್ತೊಂಬತ್ತು ಕಾರ್ಡುಗಳಾಗಿದ್ದವು. ಉಳಿದದ್ದು ಒಂದೇ ಸಂಜೆ, ಒಂದೇ ಪದ: ಕ್ಲೂ.

‘ಒಂದು ಕ್ಲೂ ಕೊಡಿ’ ಎಂದು ಒಗಟು ಬಿಡಿಸುವ ಮಕ್ಕಳೂ ಕೇಳುತ್ತಾರೆ. ಸುಳಿವು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಪದದ ಮೂಲ ನೋಡಿದರೆ ನೂಲಿನ ಉಂಡೆಯಂತೆ! ಉಂಡೆಗೂ ಸುಳಿವಿಗೂ ಏನಪ್ಪಾ ನಂಟು ಎಂದು ಕಡ್ಡಿ ತಲೆ ಕೆರೆದುಕೊಂಡು ಕೂತಳು.

ಕಸ ಗುಡಿಸುವ ಚಿಕ್ಕಮ್ಮ ಬಾಗಿಲ ಬಳಿ ಸ್ವೆಟರ್ ಹೆಣೆಯುತ್ತಿದ್ದರು. ಅವರಿಗೆ ಓದುಬರಹ ಬಾರದು. ಆದರೆ ಆರು ತಿಂಗಳೂ ಕಡ್ಡಿಯ ಮುಂದೆ ಚಹಾ ತಂದಿಟ್ಟು, “ಬರೀ ಅಕ್ಷರ ತಿಂದ್ರೆ ಹೊಟ್ಟೆ ತುಂಬುತ್ತಾ?” ಎಂದು ಗದರಿದವರು ಅವರೊಬ್ಬರೇ.

“ಚಿಕ್ಕಮ್ಮ, ನೂಲಿನ ಉಂಡೆಯಿಂದ ದಾರಿ ಗೊತ್ತಾಗುತ್ತಾ?”

“ಗೊತ್ತಾಗ್ದೆ ಏನು? ಹಿಂದೆ ನಾನು ಕೆಲಸಕ್ಕಿದ್ದ ನೂಲಿನ ಮಿಲ್ಲಿಗೆ ಬೆಂಕಿ ಬಿದ್ದಾಗ ಹೊಗೆಯಲ್ಲಿ ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ನೂಲಿನ ತುದಿ ಬಾಗಿಲ ಪಕ್ಕದ ಮೆಷಿನ್ನಿಗೆ ಕಟ್ಟಿತ್ತು, ಉಂಡೆ ನನ್ನ ಹತ್ರ. ಸುತ್ಕೋತಾ ಸುತ್ಕೋತಾ ಹೊರಗೆ ಬಂದೆ. ಕೈ ಕೈ ಹಿಡ್ಕೊಂಡು ಹಿಂದೆ ಏಳು ಜನ.”

ಕಡ್ಡಿ ಅದನ್ನೇ ಬರೆದಳು. ಸಂಪಾದಕರು ಓದಿ ಕನ್ನಡಕ ತೆಗೆದರು. “ಮೊದಲು ಉಂಡೆ, ಆಮೇಲೆ ದಾರಿ ತೋರಿಸೋ ನೂಲು, ಆಮೇಲೆ ಸುಳಿವು. ಇನ್ನು ಯಾರೂ ಮರೆಯಲ್ಲ. ನಿನ್ನ ಅಕ್ಷರ ಹಾಕು, ನಲವತ್ತಾಯ್ತು.”

‘ಹಾಕ್ಕೋ’ ಎಂದು ಚಿಕ್ಕಮ್ಮ ದೂರದಿಂದಲೇ ಕಣ್ಸನ್ನೆ ಮಾಡಿದರು. ಪೆನ್ನು ಒಂದು ಗಳಿಗೆ ನಿಂತಿತು. ಅಷ್ಟು ದಿನದ ಚಹಾ, ಅಷ್ಟು ದಿನದ ಗದರಿಕೆ ಎಲ್ಲ ಕಡ್ಡಿಗೆ ನೆನಪಾಯಿತು. ಅವಳು ಮೂಲೆಯಲ್ಲಿ ಚಿಕ್ಕಮ್ಮನ ಹೆಸರಿನ ಮೊದಲಕ್ಷರ ಬರೆದಳು.

“ಹಾಗಾದ್ರೆ ಮೂವತ್ತೊಂಬತ್ತೇ. ಕಟ್ಟಳೆ ಗೊತ್ತಲ್ಲ?” ಎಂದರು ಸಂಪಾದಕರು, ಮುಖ ಸಣ್ಣದು ಮಾಡಿಕೊಂಡು.

“ಗೊತ್ತು ಸಾರ್.”

ವಿಷಯ ತಿಳಿದ ಚಿಕ್ಕಮ್ಮ, “ತಲೆ ನೆಟ್ಟಗಿದ್ಯೇನೇ ನಿಂಗೆ?” ಎಂದು ರೇಗಿದರು. ಆಮೇಲೆ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡರು. ಮೂಲೆಯ ಮೇಲೆ ಬೆರಳಿಟ್ಟರು.

“ಇದು ನಾನಾ?”

“ಹೂಂ ಚಿಕ್ಕಮ್ಮ. ನೀವೇ.”

ಅವರು ಕಾರ್ಡನ್ನು ಕೆಳಗಿಡಲೇ ಇಲ್ಲ. ಅಂದಿನ ಚಹಾವನ್ನು ಕಡ್ಡಿಯೇ ಮಾಡಿ ತಂದಳು.